ಬಟ್ಟಲದ ತಳದ ದ್ರಾಕ್ಷಿ

ತ್ರ್ಯಂಬಕಾ,

ಹಾಲು ಕಾಸಿ ಮುಚ್ಚಿಟ್ಟೇನಿ. ಅಡಗಿ ಮಾಡಿಲ್ಲ, ನಿನ್ನ ಹೆಂಡ್ತಿಗೆ ಹೇಳು.

ನಿನ್ನೆ ಸ್ಟೇಶನ್ ಮುಂದಿನ ಅಂಗಡಿಯಿಂದ ಚಾಕಲೇಟ್ ಐಸ್‌ಕ್ರೀಮ್ ತಂದಿ. ಎಲ್ಲಾರೂ ತಿಂದು, ತೊಳೀಲಿಕ್ಕೆ ಬಟ್ಟಲಾ ನನ್ನ ಮುಂದ ಇಟ್ರಿ. ಒಂದರ ತಳದಾಗ ದ್ರಾಕ್ಷಿ, ಅರ್ಧ ಗೋಡಂಬಿ ಅಂಟಿತ್ತು. ಬಳದು ಬಾಯಾಗ ಹಾಕ್ಕೊಂಡೆ. ವಿಧವಾ ಅಕ್ಕ ಅಂಗಡಿ ತಿನಿಸು ಮುಟ್ಟಿದ್ಲು ಅಂತ ತಣ್ಣೀರು ಜಳಕಾ ಮಾಡಿಸಿ ಉಪಾಸ ಕೆಡವಿದಿ. ಧಾರವಾಡದ ಸಭಾದಾಗ ನಮ್ಮಂಥವರ ಪರವಾಗಿ ಭಾಷಣಾ ಮಾಡಾಂವ ನೀನ ಅಲ್ಲೇನು?

ಖರೇ ಹೇಳ್ತೇನಿ, ನನಗ ಆ ಚಾಕಲೇಟ್ ಕಹಿ ಹತ್ತಿತು. ಆದ್ರೂ ಇವತ್ತ ಆ ಅಂಗಡಿಗೇ ಹೋಗಿ, ಗಂಡ ಸತ್ತಾಗ ನೀವು ಉಡಿಸಿದ ಇದ ಕೆಂಪು ಸೀರ್ಯಾಗ ಕುರ್ಚಿ ಮ್ಯಾಲೆ ಕೂತು, ಪೂರಾ ಒಂದು ಬಟ್ಟಲಾ ತಿಂತೇನಿ. ಅಲ್ಲಿ ಬಟ್ಟಲಾ ಅವರ ತೊಳಕೋತಾರ.

ಅಕ್ಕ