ಹಾವಿನ ಕಾರ್ಡು ಇದ್ದ ಕಟ್ಟು

ಮತ್ತಿಗಿರಿ
ಭಾನುವಾರ, 14-3-1982

ಗುಮ್ಮಳಾಪುರದ ತಿಮ್ಮರಾಯಪ್ಪನವರಿಗೆ ಮುನಿರತ್ನಮ್ಮ ಮಾಡುವ ನಮಸ್ಕಾರ.

ಹೆಸರು ಹಿಡಿದು ಬರೆದೆನೆಂದು ಸಿಟ್ಟಾಗಬೇಡಿ. ನಿಮ್ಮ ಮನೆಯಲ್ಲಿ ಸಂಸಾರ ಮಾಡಿದಷ್ಟು ದಿನವೂ, ಹೊರಗೆ ಬಿದ್ದ ಮೇಲೂ, ಗಂಡನ ಹೆಸರು ನನ್ನ ಬಾಯಿಂದ ಬಂದಿರಲಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವರಿಂದ ಹೇಳಿಸುತ್ತಿದ್ದೆ. ಮೊನ್ನೆ ಶುಕ್ರವಾರ ನಿಮ್ಮ ಜಗಲಿಯ ಮೇಲೆ ಒಂದು ಸಲ ಹೇಳಿದೆನಲ್ಲ, ಆಮೇಲೆ ಸಂಕೋಚ ಹೋಯಿತು. ಈಗ ಸರಾಗವಾಗಿ ಬರುತ್ತದೆ.

ಗಿಣಿಶಾಸ್ತ್ರ ಹೇಳುವ ಬುದ್ಧಿ ನಿನಗೆ ಯಾರು ಕೊಟ್ಟರು ಎಂದು ಕಾಗದದಲ್ಲಿ ಕೇಳಿದ್ದಿರಿ. ನಿಮ್ಮ ತಾಯಿ ಅಕ್ಕಯಮ್ಮನವರೇ ಕೊಟ್ಟರು. ಮಕ್ಕಳಾಗದ ನನ್ನನ್ನು ಕಳಿಸಬೇಕೆಂದು ಗಿಣಿಯ ಅಂಜನಪ್ಪನನ್ನು ಕರೆಸಿ ಕೂರಿಸಿದರಲ್ಲ, ಅವತ್ತು. ಅವನ ಗಿಣಿ ನನ್ನ ಹೆಸರಿಗೆ ಹೆಡೆಯೆತ್ತಿದ ಹಾವಿನ ಕಾರ್ಡು ಎಳೆಯಿತು. "ಈ ಹೆಸ್ರು ಈ ಮನೆಯಾಗಿರೋಗಂಟ ತೊಟ್ಲು ತೂಗಾಕಿಲ್ಲ" ಎಂದು ಅವನು ಹೇಳಿ ಮುಗಿಸುವ ಮೊದಲೇ ನೀವು ನನ್ನ ಟ್ರಂಕು ತಂದು ಅಂಗಳದಲ್ಲಿಟ್ಟಿರಿ. ಅಷ್ಟು ಚುರುಕಾಗಿ ನೀವು ಹೊಲದ ಕೆಲಸ ಮಾಡಿದ್ದನ್ನು ನಾನು ನೋಡಿಲ್ಲ.

ಮತ್ತಿಗಿರಿಗೆ ಬಂದು ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಒಂದು ದಿನ ಅಂಜನಪ್ಪ ಕಣ್ಣಿಗೆ ಬಿದ್ದ. ಬಾಯಿತುಂಬ ಬೈದೆ. ಮುದುಕನಿಗೆ ಕಣ್ಣು ಮಂಜಾಗಿತ್ತು. ಎಲ್ಲ ಕೇಳಿಸಿಕೊಂಡು, "ನಿಮ್ಮತ್ತೆ ಒಂದು ಮೂಟೆ ರಾಗಿ ಕಳ್ಸಿದ್ಲು ಕಣವ್ವ. ಗಿಣಿಗೇನ್ ಗೊತ್ತು ಪಾಪ, ನಾನು ಬತ್ತ ತೋರ್ಸಿದ್ ಕಡೆ ನಿಲ್ತದೆ" ಎಂದ. ಕಾರ್ಡಿನ ಮೂಲೆಯಲ್ಲಿ ಉಗುರಿನ ಗುರುತು ಇರುತ್ತದೆ. ಗಿಣಿ ಒಂದೊಂದೇ ಎಳೆದು ಪಕ್ಕಕ್ಕೆ ಹಾಕುತ್ತಾ ಹೋಗುತ್ತದೆ. ನಮಗೆ ಬೇಕಾದ ಕಾರ್ಡು ಬಂದಾಗ ಬೆರಳ ಸಂದಿಯಿಂದ ಒಂದು ಕಾಳು ಇಣುಕಿಸಿದರೆ ಮುಗಿಯಿತು. ನನ್ನ ಬಾಳು ಹಾಳು ಮಾಡಿದ್ದು ಒಂದು ಭತ್ತದ ಕಾಳು. ಆ ವಾರವೇ ಅವನ ಹತ್ತಿರ ಕಲಿಯಲು ಕೂತೆ.

ಮೊದಲ ಕಾರ್ಡಿನ ಕಟ್ಟು ಕೊಡಿಸಲು ಅವನೇ ಹೊಸೂರಿಗೆ ಕರೆದುಕೊಂಡು ಹೋದ. ದೇವರ ಪಟದ ಅಂಗಡಿಯವನು ಕಟ್ಟುಗಳನ್ನು ಬಿಚ್ಚಿ ಹರಡಿದ. ತಮಿಳು ಅಚ್ಚಿನದರಲ್ಲಿ ದೇವರುಗಳಿಗೆಲ್ಲ ಗುಲಾಬಿ ಕೆನ್ನೆ. ಬೆಂಗಳೂರಿನದರಲ್ಲಿ ಅಕ್ಷರ ಕನ್ನಡ, ಬಣ್ಣ ಮಾತ್ರ ಕೈಗೆ ಹತ್ತುತ್ತಿತ್ತು. "ಹೊಳಿಯೋದು ಹಿಡೀಬ್ಯಾಡ, ಕೊಕ್ಕಿಗೆ ಜಾರ್ತದೆ. ತೆಳ್ಳಂದೂ ಬ್ಯಾಡ, ಮಳೆಗಾಲ್ದಾಗೆ ಮೆತ್ಗಾಯ್ತದೆ" ಎಂದು ಅಂಜನಪ್ಪ ಹೇಳುತ್ತಿದ್ದ. ಹೊಸಬರು ಕೆಟ್ಟ ಶಕುನದ ಕಾರ್ಡುಗಳನ್ನು ತೆಗೆಸಿ ಕೊಳ್ಳುತ್ತಾರೆ, ನಿನಗೂ ತೆಗೆದುಕೊಡಲೇ ಎಂದು ಅಂಗಡಿಯವನು ಕೇಳಿದ. ನಾನು ಪ್ರತಿ ಕಟ್ಟಿನಲ್ಲೂ ಹುಡುಕುತ್ತಿದ್ದುದು ಹಾವನ್ನೇ. ತಮಿಳು ಕಟ್ಟಿನ ಹಾವು ಹಲ್ಲು ಕಿರಿಯುತ್ತಿತ್ತು, ಬೆಂಗಳೂರಿನದು ಎರೆಹುಳದ ಹಾಗಿತ್ತು. ಎರಡನ್ನೂ ಬಿಟ್ಟು ಬಂದು ಅಂಜನಪ್ಪನ ಹಳೆಯ ಕಟ್ಟನ್ನೇ ಕೇಳಿದೆ. "ನಿನ್ ಮನೆ ಮುರ್ದಿದ್ದು ಇದೇ ಕಣವ್ವ, ಯಾಕೆ ನಿನ್ಗೆ?" ಎಂದ. ಅದಕ್ಕೇ ಬೇಕು ಎಂದೆ. ಗಿಣಿಯನ್ನೂ ಕೊಟ್ಟ.

ಈಗ ನಿಮ್ಮ ಕಾಗದದ ಮಾತು. ನೀನು ಹೋದ ಮೇಲೆ ಕಟ್ಟಿಕೊಂಡ ಪಾರ್ವತಮ್ಮನಿಗೂ ಮಕ್ಕಳಾಗಲಿಲ್ಲ, ಶುಕ್ರವಾರ ಡೆಂಕಣಿಕೋಟೆಯಿಂದ ಅವಳ ಅಣ್ಣನನ್ನು ಕರೆಸುತ್ತೇನೆ, ಅವನೆದುರಿಗೆ ಆ ಹಾವಿನ ಕಾರ್ಡನ್ನು ಅವಳ ಹೆಸರಿಗೆ ತೆಗಿ, ಅವಳು ಹೋದ ಮೇಲೆ ನೀನು ಬಂದು ನಿನ್ನ ಮನೆಯಲ್ಲಿರು ಎಂದು ಬರೆದಿದ್ದಿರಿ. ಕೊನೆಯ ಸಾಲು ಓದಿ ನನಗೆ ಅಳು ಬಂತು. ನನ್ನ ಒಲೆ, ನಾನು ನೆಟ್ಟ ಕರಿಬೇವಿನ ಗಿಡ ಎಲ್ಲ ಕಣ್ಣಮುಂದೆ ಬಂದವು. ತೆಗೆಯಬೇಕೆಂದೇ ಬಂದೆ. ಪಾರ್ವತಮ್ಮನ ಮೇಲೆ ನನಗೆ ಕನಿಕರವೇನೂ ಇರಲಿಲ್ಲ. ನಾನು ಯಾರೆಂದು ಅವಳಿಗೆ ಗೊತ್ತಿಲ್ಲ. ಮಜ್ಜಿಗೆ ಕೇಳಿದರೆ ಲೋಟ ಕೊಡದೆ ಬೊಗಸೆಗೆ ಮೇಲಿಂದ ಹುಯ್ದಳು.

ಕೈ ತೊಳೆಯಲು ಹಿತ್ತಲಿಗೆ ಹೋದರೆ ನಿಮ್ಮ ತಾಯಿ ಹಿಂದೆಯೇ ಬಂದರು. "ಕೈ ನಡುಗಿಸ್ಬ್ಯಾಡ. ಇವ್ಳು ತೊಲಗಿದ್ರೆ ಯುಗಾದಿ ಕಳುದ್ ಮ್ಯಾಕೆ ನನ್ ತಮ್ಮನ ಮಗ್ಳನ್ನ ತತ್ತೀವಿ" ಎಂದರು. ಕೂಲಿಯಾಳಿಗೆ ಹೇಳುವ ಹಾಗೆ ಹೇಳಿದರು. ನಿಜವೇ ಎಂದು ನಿಮ್ಮನ್ನು ಕೇಳಲು ಜಗಲಿಗೆ ಬಂದೆ. ನಾನು ಬಾಯಿ ತೆರೆಯುವ ಮೊದಲೇ ನೀವು, "ಬಿರ್ನೆ ಮುಗ್ಸು, ಆಮ್ಯಾಕೆ ಹಿತ್ಲಾಗೆ ಕುಂತು ಉಂಡ್ಕೊಂಡು ಹೋಗು" ಎಂದಿರಿ. ಹೋಗು ಎಂದಿರಿ. ನನಗೆ ಅಷ್ಟು ಸಾಕಾಯಿತು.

ಆಮೇಲಿನದಕ್ಕೆ ನಿಮ್ಮ ತಾಯಿಯೇ ದಾರಿ ಮಾಡಿಕೊಟ್ಟರು. ಪಾರ್ವತಮ್ಮನ ಅಣ್ಣನಿಗೆ, "ಈ ಗಿಣಿ ಬಾಯಾಗೆ ಇದುವರ್ಗೂ ಸುಳ್ಳು ಬಂದಿಲ್ಲ ಕಣಪ್ಪ" ಎಂದು ಊರಿಗೆಲ್ಲ ಕೇಳುವ ಹಾಗೆ ಹೇಳಿದರು. ಯಾರ ಹೆಸರಿಗೆ ತೆಗೆಯಲಿ ಎಂದು ನಾನು ಕೇಳಲೇ ಇಲ್ಲ. ಗಿಣಿಯ ಕಡೆ ಬಾಗಿ, ತಿಮ್ಮರಾಯಪ್ಪ ಎನ್ನುವ ಹೆಸರಿಗೆ ಒಂದು ಕಾರ್ಡು ತೆಗಿಯಮ್ಮ ಎಂದೆ. ನೀವು ತಲೆಯೆತ್ತಿ ನೋಡಿದಿರಿ. ತಾಳಿ ಕಟ್ಟಿದವನ ಹೆಸರು ಹೇಳಿದೆನಲ್ಲ ಎಂದು ನನಗೇ ಬೆರಗಾಯಿತು. ಹಾವಿನ ಕಾರ್ಡು ಬಂದಾಗ ಬೆರಳ ಸಂದಿಯಿಂದ ಕಾಳು ಇಣುಕಿಸಿದೆ, ಗಿಣಿ ಅಲ್ಲೇ ನಿಂತಿತು.

ಅಂಜನಪ್ಪ ಹೇಳಿದ್ದ ಮಾತನ್ನೇ ಹೇಳಿದೆ. "ಈ ಹೆಸ್ರು ಈ ಮನೆಯಾಗಿರೋಗಂಟ ತೊಟ್ಲು ತೂಗಾಕಿಲ್ಲ." ನಿಮ್ಮ ತಾಯಿ ಬಾಯಿ ತೆರೆದು ಮುಚ್ಚಿದರು. ಗಿಣಿ ಸುಳ್ಳು ಎಂದರೆ ರಾಗಿ ಮೂಟೆಯ ಕಥೆ ಹೊರಗೆ ಬರುತ್ತದಲ್ಲ. "ಹಂಗಾರೆ ನಮ್ ಹುಡ್ಗೀದು ತಪ್ಪಿಲ್ಲ ಅಂದಂಗಾಯ್ತು" ಎಂದು ಅವಳ ಅಣ್ಣ ಎದ್ದ. ತಂಗಿಯನ್ನು ಕರೆದುಕೊಂಡು, ಮದುವೆಯಲ್ಲಿ ಕೊಟ್ಟಿದ್ದ ಹಸುವನ್ನೂ ಹೊಡೆದುಕೊಂಡು ಹೋದ. ಜಗಲಿಯ ಮೇಲೆ ನೀವು ಮುಖ ಎಲ್ಲಿಡುವುದೆಂದು ತಿಳಿಯದೆ ಕೂತಿದ್ದಿರಲ್ಲ, ಅದನ್ನು ನೋಡಿ ನನಗೆ ಹೊಟ್ಟೆ ತುಂಬಿತು. ಹಿತ್ತಲಲ್ಲಿ ಕೂತು ಉಣ್ಣಲಿಲ್ಲ.

ಇಂತಿ,
ಯಾರವಳೂ ಅಲ್ಲದ
ಮುನಿರತ್ನಮ್ಮ

ಬರೆಯಲು ಮರೆತದ್ದು: ಗಿಣಿ ಸುಳ್ಳು ಹೇಳಿತು ಎಂದು ಹೇಳಿಕೊಂಡು ತಿರುಗುತ್ತಿದ್ದೀರಂತೆ. ನಾವಿಬ್ಬರೂ ಕೃಷ್ಣಗಿರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದ್ದು ನೆನಪಿದೆಯೇ? ಫಲಿತಾಂಶ ಕೇಳುವ ದಿನ ನೀವು ಒಳಗೆ ಬರಲಿಲ್ಲ, ಹುಣಸೆಮರದ ಕೆಳಗೆ ಬೀಡಿ ಸೇದುತ್ತಾ ನಿಂತಿರಿ. ನಿನ್ನಲ್ಲಿ ಏನೂ ಕೊರತೆಯಿಲ್ಲ, ನಿನ್ನ ಗಂಡನಿಗೆ ಮಕ್ಕಳಾಗುವುದಿಲ್ಲ ಎಂದು ಡಾಕ್ಟರಮ್ಮ ನನಗೆ ಹೇಳಿದರು. ನೀವು ಕುಗ್ಗಿಹೋಗುತ್ತೀರಲ್ಲ ಎಂದು, ಕೊರತೆ ನನ್ನದೇ ಅಂತೆ ಎಂದು ಬಂದು ಹೇಳಿದೆ. ನಿಮ್ಮ ಮುಖ ಅರಳಿತು. ಬಸ್ ಸ್ಟ್ಯಾಂಡಿನಲ್ಲಿ ನನಗೆ ಒಂದು ಮೊಳ ಮಲ್ಲಿಗೆ ಕೊಡಿಸಿದಿರಿ. ಆ ಮಲ್ಲಿಗೆಯ ಋಣಕ್ಕೆ ನಿಮಗೆ ಇದನ್ನು ಕವರಿನಲ್ಲಿ ಅಂಟಿಸಿ ಕಳಿಸುತ್ತಿದ್ದೇನೆ. ಮಗಳನ್ನು ಕೊಡಲಿರುವ ನಿಮ್ಮ ಸೋದರಮಾವನಿಗೆ ಇದೇ ಸಂಗತಿಯನ್ನು ನಿನ್ನೆಯೇ ಪೋಸ್ಟ್ ಕಾರ್ಡಿನಲ್ಲಿ ಬರೆದು ಹಾಕಿದೆ. ಅವರ ಊರಿನಲ್ಲಿ ಪೋಸ್ಟ್‌ಮ್ಯಾನ್ ಎಲ್ಲರ ಕಾರ್ಡನ್ನೂ ಅರಳಿಕಟ್ಟೆಯ ಮೇಲೆ ಗಟ್ಟಿಯಾಗಿ ಓದಿಯೇ ಕೊಡುತ್ತಾನಂತೆ.