ಟವೆಲ್ ಕೆಳಗೆ ಕೊಟ್ಟ ಮಾತು

ದೇವಣಗಾಂವ
೧೮-೨-೨೦೦೧, ಭಾನುವಾರ

ಚಿ. ಸೌ. ರಾಜಶ್ರೀಗೆ ಅಪ್ಪನ ಆಶೀರ್ವಾದಗಳು.

ಗಿಟಾರಿನ ಕಥೆಯನ್ನು ಮೊದಲು ಹೇಳಿದವಳು ಬಳೆಗಾರ್ತಿ ಖಾತುನಬಿ. ಹೋದ ಮಂಗಳವಾರ ನಿಮ್ಮ ಮಸೂತಿ ಊರಿನಲ್ಲಿ, ನಿಮ್ಮ ಮನೆಯ ಕಟ್ಟೆಯ ಮೇಲೆ ಕೂತು, ನಿಮ್ಮ ಓಣಿಯ ಹೆಂಗಸರಿಗೆಲ್ಲ ಬಳೆ ಏರಿಸುತ್ತ ಹೇಳಿದಳಂತೆ. ಊರಿಗೆ ತಿರುಗಿ ಬಂದು ತಾನೇ ಒಪ್ಪಿಕೊಂಡಳು: "ಒಂದೀಟು ಉಪ್ಪುಖಾರ ಹಚ್ಚಿ ಹೇಳೇನ್ರಿ ಅಣ್ಣಾರ. ಸೊಲ್ಲಾಪುರದಾಗ ನೀವು ಸೇಟಜಿ ಕೈ ಹಿಡಕೊಂಡು ಅತ್ತಿರಿ ಅಂತ ಅಂದುಬಿಟ್ನಿ. ಹೆಣಮಕ್ಕಳು ಭಾಳ ಖುಷಿ ಆದ್ರು."

ನಾನು ಅಳಲಿಲ್ಲ ಮಗಳೇ. ಕೈ ಹಿಡಿದದ್ದು ಮಾತ್ರ ನಿಜ. ಯಾಕೆ ಹಿಡಿದೆ, ಯಾಕೆ ಬಿಟ್ಟೆ ಅನ್ನುವುದನ್ನು ನನ್ನಿಂದಲೇ ಕೇಳು. ನಿನ್ನ ಎರಡು ಪತ್ರಕ್ಕೆ ಉತ್ತರ ಬರೆಯದೆ ತಿಂಗಳು ದಾಟಿತು, ಸಿಟ್ಟಾಗಬೇಡ. ಜೋಳದ ರಾಶಿ ಒಂದು ಕಡೆ, ನಿನ್ನ ತಂಗಿ ವಿದ್ಯಾವತಿಯ ಮೆರವಣಿಗೆ ಇನ್ನೊಂದು ಕಡೆ. ಅಳಿಯ ಯುವರಾಜನವರ ಸೊಂಟನೋವು ಕಡಿಮೆಯಾಯಿತೇ? ಮಗುವಿಗೆ ಹಲ್ಲು ಬಂತೇ? ಬರಿ.

ವಿದ್ಯಾವತಿ ಸಿಂದಗಿಯ ಕಾಲೇಜಿನಲ್ಲಿ ಸಂಗಮೇಶ ಸರ್ ಹತ್ತಿರ ಎರಡು ವರ್ಷ ಗಿಟಾರ್ ಕಲಿತದ್ದು ನಿನಗೆ ಗೊತ್ತೇ ಇದೆ. ದೀಪಾವಳಿಯ ಹೊತ್ತಿಗೆ ಸರ್‌ಗೆ ಧಾರವಾಡಕ್ಕೆ ವರ್ಗವಾಯಿತು. ಅವರು ಹೋದರು, ಜೊತೆಗೆ ಅವರ ಗಿಟಾರೂ ಹೋಯಿತು. ಆಮೇಲೆ ಹುಡುಗಿ ಊಟಕ್ಕೆ ಕೂತರೆ ಎಡಗೈ ಬೆರಳುಗಳು ತಾಟಿನ ಅಂಚಿನ ಮೇಲೆ ಓಡಾಡುತ್ತಿದ್ದವು. ನಿಮ್ಮವ್ವ ನಾಲ್ಕು ದಿನ ನೋಡಿ, "ಈಕಿಗೆ ಹೊಟ್ಟಿ ಹಸದಿಲ್ರಿ, ಬೆರಳು ಹಸದಾವ" ಅಂದಳು.

ಅಷ್ಟರಲ್ಲಿ ಸರ್ ಅವರ ಕಾರ್ಡು ಬಂತು. ಫೆಬ್ರುವರಿಯಲ್ಲಿ ಇಂಡಿಯಲ್ಲಿ ಯುವಜನ ಮೇಳ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ತಾಲೂಕಿನವರು ಬರುತ್ತಾರೆ. ಅಲ್ಲಿ ಮೊದಲು ಬಂದರೆ ಧಾರವಾಡದ ಸಂಗೀತ ಕಾಲೇಜಿನಲ್ಲಿ ಸೀಟು ಕೇಳುವುದಕ್ಕೆ ಬಲ ಬರುತ್ತದೆ ಅಂತ ಬರೆದಿದ್ದರು. ಕಾರ್ಡು ಓದಿ ವಿದ್ಯಾ ಅದನ್ನು ದೇವರ ಗೂಡಿನಲ್ಲಿಟ್ಟಳು. ಕೈಯಲ್ಲಿ ಗಿಟಾರೇ ಇಲ್ಲದವಳು ಇನ್ನೇನು ಮಾಡಿಯಾಳು?

ಎರಡು ಸಂತೆಯ ದಲಾಲಿ, ಗೊಡ್ಡೆಮ್ಮೆ ಮಾರಿದ್ದು ಸೇರಿ ನನ್ನ ಒಳಕಿಸೆಯಲ್ಲಿ ಆರು ಸಾವಿರ ಇತ್ತು. ನಾನು, ನಿಮ್ಮವ್ವ, ವಿದ್ಯಾ ಮೂವರೂ ಸೊಲ್ಲಾಪುರದ ಬಸ್ಸು ಹತ್ತಿದೆವು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಸರ್ ಕಲಿಸಿದ್ದು ಕರೆಂಟಿನ ಗಿಟಾರು. ಅದಕ್ಕೆ ಹೊಟ್ಟೆ ಇರುವುದಿಲ್ಲ, ಬರೀ ಹಲಗೆ. ದನಿ ಹಿಗ್ಗಿಸುವ ಪೆಟ್ಟಿಗೆ ಬೇರೆ ಬೇಕು; ಅದಿಲ್ಲದಿದ್ದರೆ ಸೊಳ್ಳೆ ಹಾಡಿದ ಹಾಗೆ. ಅಂದರೆ ಎತ್ತೂ ಬೇಕು, ಬಂಡಿಯೂ ಬೇಕು. ಅಂಗಡಿಯಲ್ಲಿ ಕೇಳಿದರೆ ಒಳ್ಳೆಯ ಗಿಟಾರೊಂದಕ್ಕೇ ಆರು ಸಾವಿರ. ದೊಡ್ಡ ಪೆಟ್ಟಿಗೆಗೆ ಏಳು. ಮೂಲೆಯಲ್ಲಿ ಎರಡು ಸಾವಿರದ ಒಂದು ಕೆಂಪು ಗಿಟಾರೂ ನೇತಾಡುತ್ತಿತ್ತು.

ನನ್ನದು ದನದ ದಲಾಲನ ಕಣ್ಣು, ನಿನಗೆ ಗೊತ್ತಲ್ಲ. ಗಿಟಾರಿನ ಕೊರಳು ಹಿಡಿದು ನೋಡಿದೆ, ಹಲ್ಲು ಎಲ್ಲಿದೆ ಎಂದು ಹುಡುಕಿದೆ, ಏನೂ ತಿಳಿಯಲಿಲ್ಲ. ದೊಡ್ಡ ಪೆಟ್ಟಿಗೆಯ ಬೆನ್ನು ತಟ್ಟಿದೆ. ಧಿಮ್ ಅಂದಿತು. ಬಲಿತ ಖಿಲಾರಿ ಹೋರಿಯ ಬೆನ್ನು ಹಾಗೇ ಅನ್ನುತ್ತದೆ. ನನ್ನ ಮನಸ್ಸು ಅಲ್ಲೇ ಕಟ್ಟುಬಿದ್ದಿತು.

"ಇದನ್ನ ಹಚ್ಚಿದ್ರ ಭೀಮಾ ಹೊಳಿ ಆಚಿ ದಂಡಿಗೂ ಕೇಳತೈತಿ ನೋಡು" ಅಂದೆ.

"ಆಚಿ ದಂಡಿಯಾವ್ರು ಕೇಳಿ ಏನ ಮಾಡ್ತಾರ?" ಅಂದಳು ನಿಮ್ಮವ್ವ.

ನಾನು ಅವಳ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಅಂಗಡಿಯ ಸೇಟಜಿಯ ಕೈ ಮೇಲೆ ಹೊದಿಸಿದೆ. ಒಳಗೆ ಅವನ ನಾಲ್ಕು ಬೆರಳು ಹಿಡಿದೆ. ನಮ್ಮ ಸಂತೆಯಲ್ಲಿ ಬೆರಳಿಗೊಂದು ಸಾವಿರ. ನಾಲ್ಕು ಬೆರಳೆಂದರೆ ನಾಲ್ಕು ಸಾವಿರ. ಎದುರಿನವನಿಗೆ ಒಪ್ಪಿಗೆಯಾದರೆ ಕೈ ಒತ್ತುತ್ತಾನೆ, ಅಲ್ಲಿಗೆ ಮುಗಿಯಿತು. ಸೊಲ್ಲಾಪುರದ ಆ ಸೇಟಜಿಗೆ ಇದೆಲ್ಲಿ ಗೊತ್ತು? ಹಳ್ಳಿಯ ಹಿರಿಯ ಪ್ರೀತಿಯಿಂದ ಕೈ ಹಿಡಿದಿದ್ದಾನೆ ಅಂದುಕೊಂಡು, ತಾನೂ ಎರಡೂ ಕೈಯಿಂದ ನನ್ನ ಕೈ ಗಟ್ಟಿಯಾಗಿ ಒತ್ತಿ, "ಭಾಳ ಛಲೋ ಮಂದಿ ಇದ್ದೀರಿ" ಅಂದ.

"ಮುಗೀತು! ಪೆಟ್ಟಿಗಿ ನಾಕಕ್ಕ ಆತು!" ಎಂದು ನಾನು ಟವೆಲ್ ಕೊಡವಿದೆ.

ಸೇಟಜಿಯ ಬಾಯಿ ತೆರೆದದ್ದು ಮುಚ್ಚಲಿಲ್ಲ. ನಾನು ಟವೆಲ್ಲಿನ ನಿಯಮವನ್ನು ಬಿಡಿಸಿ ಹೇಳಿದೆ. ಮೂವತ್ತು ವರ್ಷದಲ್ಲಿ ಟವೆಲ್ ಕೆಳಗಿನ ಮಾತು ನಾನು ಮುರಿದಿಲ್ಲ, ನನ್ನ ಎದುರಿನವರೂ ಮುರಿದಿಲ್ಲ ಅಂದೆ. ಅವನು ಹಣೆ ಒರೆಸಿಕೊಂಡ. ತನ್ನ ಅಜ್ಜನೂ ಎತ್ತು ಕಟ್ಟಿದವನೇ, ಕೈ ಒತ್ತಿದ್ದು ಒತ್ತಿದ್ದೇ, ಒಯ್ಯಿರಿ ಅಂದ. ಏಳರ ಪೆಟ್ಟಿಗೆ ನಾಲ್ಕಕ್ಕೆ! ಉಳಿದ ಎರಡರಲ್ಲಿ ಕೆಂಪು ಗಿಟಾರು. ಎತ್ತೂ ಆಯಿತು, ಬಂಡಿಯೂ ಆಯಿತು. ನನ್ನ ಎದೆ ಹೇಗೆ ಉಬ್ಬಿತ್ತು ಅಂತೀ!

ಸೇಟಜಿ ಕೆಂಪು ಗಿಟಾರನ್ನು ಪೆಟ್ಟಿಗೆಗೆ ಜೋಡಿಸಿ ಕೊಟ್ಟ. ವಿದ್ಯಾ ಬಾರಿಸಿದಳು. ಗೋಡೆ ನಡುಗಿತು. ನನಗೆ ಆನಂದವೋ ಆನಂದ. ಅವಳು ಮತ್ತೊಮ್ಮೆ ತಂತಿ ತಿರುವಿ ಶ್ರುತಿ ಮಾಡಿ ಬಾರಿಸಿದಳು. ಮೂರು ಸಾಲು ನುಡಿಸುವಷ್ಟರಲ್ಲಿ ಶ್ರುತಿ ಮತ್ತೆ ಜಾರಿತು. ಮತ್ತೆ ತಿರುವಿದಳು, ಮತ್ತೆ ಜಾರಿತು. ಆಮೇಲೆ ಗಿಟಾರನ್ನು ಮೆಲ್ಲಗೆ ಕೆಳಗಿಟ್ಟು, ಅಂಗಡಿಯ ಬಾಗಿಲ ಚೌಕಟ್ಟು ಹಿಡಿದು ನಿಂತಳು.

ಹಾಗೆ ನಿಂತದ್ದನ್ನು ಹಿಂದೆ ಎಲ್ಲೋ ನೋಡಿದ್ದೇನೆ ಅನ್ನಿಸಿತು. ಎಲ್ಲಿ ಅಂತ ಆಗ ಹೊಳೆಯಲಿಲ್ಲ.

ನಿಮ್ಮವ್ವ ಹತ್ತಿರ ಬಂದು ಮೆಲ್ಲಗೆ ಅಂದಳು: "ಕೇಳ್ರಿಲ್ಲೆ. ಗದ್ದಲಾ ಬಾಡಿಗಿಗೆ ಸಿಗತೈತಿ. ದಾವಲಮಲಿಕನ ಮನ್ಯಾಗ ಮೈಕ್ ಸೆಟ್ ಐತಿ, ಹತ್ತು ಊರಿನ ಲಗ್ನಕ್ಕ ಕೊಡ್ತಾನ. ದನಿ ಯಾರು ಬಾಡಿಗಿ ಕೊಡ್ತಾರ್ರಿ?"

"ಮಾತು ಕೊಟ್ಟೇನಿ" ಅಂದೆ.

"ಕೊಟ್ಟಾವ್ರು ನೀವು. ನುಡಸಾಕಿ ಆಕಿ."

ಸೇಟಜಿಯ ಮುಂದೆ ಹೋಗಿ ನಿಲ್ಲುವುದಕ್ಕೆ ನನಗೆ ಎಷ್ಟು ಹೊತ್ತು ಬೇಕಾಯಿತೋ. ಅಂಗಡಿಯ ಆ ನಾಲ್ಕು ಹೆಜ್ಜೆ ಸೊಲ್ಲಾಪುರದಿಂದ ದೇವಣಗಾಂವದಷ್ಟು ದೂರ ಇತ್ತು. ನಾಳೆ ಸಂತೆಯಲ್ಲಿ ಯಾರಾದರೂ ಆಡಿಕೊಂಡರೆ? ಅಮೋಘಸಿದ್ಧ ಮಾತಿಗೆ ತಪ್ಪಿದ ಅಂದರೆ? ಟವೆಲ್ ತೆಗೆದು ಅವನ ದುಡ್ಡಿನ ಗಲ್ಲೆಯ ಮೇಲೆ ಇಟ್ಟೆ. "ಸೇಟಜಿ, ನನ್ನ ಮಾತು ನಾನ ಮುರೀತೇನಿ. ಪೆಟ್ಟಿಗಿ ಬ್ಯಾಡ. ಆ ಆರು ಸಾವಿರದ ಗಿಟಾರ ಕೊಡ್ರಿ. ತಪ್ಪಾತು" ಅಂದೆ.

ಅವನು ಏನು ಮಾಡಿದ ಅಂತೀ? ಎದ್ದು ಬಂದು ನನ್ನನ್ನು ತಬ್ಬಿಕೊಂಡ! "ಯಜಮಾನ್ರ, ನೀವು ಮಾತು ಮುರಿದು ನನ್ನ ಮೂರು ಸಾವಿರ ಉಳಿಸಿದ್ರಿ! ಮನಿಗೆ ಹೋಗಿ ಏನಂತ ಹೇಳ್ಲಿ ಅಂತ ಕುಂತಿದ್ದೆ!" ಅಂದು ಚಹಾ ತರಿಸಿದ. ಒಳ್ಳೆಯ ಗಿಟಾರಿಗೆ ಚೀಲ, ಎರಡು ಜೊತೆ ತಂತಿ ಪುಕ್ಕಟೆ ಕೊಟ್ಟ. ಖಾತುನಬಿ ಹೇಳಿದ ಕಣ್ಣೀರು ಇದ್ದಿದ್ದರೆ ಅದು ಸೇಟಜಿಯದು.

ಇಷ್ಟಾದ ಮೇಲೆ ದಾವಲಮಲಿಕನ ಪಾಳಿ. ಅವನ ಮೈಕ್ ಸೆಟ್ ನಿನ್ನ ಮದುವೆಯಲ್ಲೂ ಕೂಗಿದ್ದು, ನೆನಪಿರಬೇಕು. ಗಿಟಾರಿನ ವಾಯರು ಅದಕ್ಕೆ ಹೊಂದಲಿಲ್ಲ. ಎರಡು ದಿನ ಕೂತು ಬೆಸುಗೆ ಹಾಕಿ ಹೊಂದಿಸಿದ. ಬಾಡಿಗೆ ಎಷ್ಟು ಅಂದರೆ, "ಮಗಳ ಹಂತೇಕ ಬಾಡಿಗಿ ತಗೊಂಡ್ರ ನನ್ನ ಮೈಕ ನನ್ನ ಬೈತೈತ್ರಿ ಅಣ್ಣಾ" ಅಂದ.

ಮೇಳದ ದಿನ ಇಂಡಿಯಲ್ಲಿ ಮಟಮಟ ಮಧ್ಯಾಹ್ನ, ಪೆಂಡಾಲಿನ ತುಂಬ ಜನ. ಬಾಗೇವಾಡಿಯಿಂದ ಐದು ಜನ ಹುಡುಗರ ತಂಡ ಬಂದಿತ್ತು. ಸೊಲ್ಲಾಪುರದಲ್ಲಿ ನಾನು ಬೆನ್ನು ತಟ್ಟಿದಂಥ ಪೆಟ್ಟಿಗೆ ಅವರ ಹತ್ತಿರ ಒಂದಲ್ಲ, ಎರಡು. ನಮ್ಮ ಮೈಕ್ ಸೆಟ್ ನೋಡಿ ಒಬ್ಬ ಕೇಳಿದ, "ಕಾಕಾ, ಲಗ್ನ ಯಾರದ?"

ದಾವಲಮಲಿಕ ತಲೆ ಎತ್ತದೆ ಅಂದ, "ನಿಂದ ಅಂತ ತಿಳಕೋ ತಮ್ಮಾ. ಹುಡುಗಿ ಒಪ್ಪಿಲ್ಲ, ಅಷ್ಟ."

ಅವರು ಶುರು ಮಾಡಿದರು. ಪೆಂಡಾಲಿನ ಗೂಟ ಅಲುಗಿದವು. ನಾನು ನಿಮ್ಮವ್ವನ ಕಡೆ ನೋಡಿದೆ, ಅವಳು ನನ್ನ ಕಡೆ ನೋಡಲಿಲ್ಲ. ಹಾಡು ಅರ್ಧಕ್ಕೆ ಬಂದಿತ್ತು, ಪಟ್ ಅಂತ ಕರೆಂಟು ಹೋಯಿತು. ಹುಡುಗರ ಬೆರಳು ಓಡುತ್ತಿವೆ, ದನಿ ಇಲ್ಲ. ತೀರ್ಪುಗಾರರು ಹತ್ತು ನಿಮಿಷ ಕಾದು, ಮುಂದಿನವರು ಬರಲಿ ಅಂದರು.

ದಾವಲಮಲಿಕ ಗೋಣಿತಟ್ಟು ಸರಿಸಿ ಟ್ರ್ಯಾಕ್ಟರಿನ ಬ್ಯಾಟರಿ ಹೊರಗೆಳೆದು ಮೈಕ್ ಸೆಟ್ಟಿಗೆ ಜೋಡಿಸಿದ. "ಕರೆಂಟ್ ನಂಬಿ ಲಗ್ನಾ ಮಾಡಿದ್ರ ಈ ಕಡಿ ಅರ್ಧಾ ಮಂದಿ ಬ್ರಹ್ಮಚಾರಿ ಉಳೀತಿದ್ರು" ಅಂದ. ಜನ ಹೋ ಎಂದು ನಕ್ಕರು.

ಗೆದ್ದೆವು ಅಂದುಕೊಂಡೆ. ಆದರೆ ನಿನ್ನ ತಂಗಿ ಎದ್ದು ನಿಂತು, "ಕಾಕಾ, ಮೊದಲ ಅವರ ವಾಯರ್ ಹಚ್ಚರಿ. ಅವರ ಹಾಡು ಅರ್ಧಕ್ಕ ನಿಂತೈತಿ" ಅನ್ನಬೇಕೆ! ನನಗೆ ಮೈಯೆಲ್ಲ ಉರಿಯಿತು. ದಾವಲಮಲಿಕ ನನ್ನ ಮುಖ ನೋಡಿದ, ಅವಳ ಮುಖ ನೋಡಿದ, ಅವರ ವಾಯರು ಹಚ್ಚಿದ.

ಈಗ ನೋಡು. ಅದೇ ಹುಡುಗರು, ಅದೇ ಹಾಡು, ಆದರೆ ನಮ್ಮ ಹಳೆಯ ಮೈಕು. ಅವರ ಗಿಟಾರಿನ ನಿಜವಾದ ದನಿ ಹೊರಗೆ ಬಂತು. ಸೊಲ್ಲಾಪುರದ ಕೆಂಪು ಗಿಟಾರಿನ ತಮ್ಮನೇ ಅದು. ಪಾಪ, ದುಡ್ಡೆಲ್ಲ ಪೆಟ್ಟಿಗೆಗೆ ಸುರಿದಿದ್ದರು. ಶ್ರುತಿ ಜಾರುವುದು ಪೆಂಡಾಲಿನ ಕೊನೆಯವರಿಗೂ ಕೇಳಿಸಿತು.

ಆಮೇಲೆ ವಿದ್ಯಾ ಕೂತಳು. ಏನು ನುಡಿಸಿದಳು ಗೊತ್ತೇ? ನಿಮ್ಮವ್ವ ಬೀಸುಕಲ್ಲಿನ ಮುಂದೆ ಹಾಡುವ ಪದದ ಧಾಟಿ. ಮೊದಲು ಒಂದೇ ತಂತಿಯ ಮೇಲೆ, ಕಾಳು ಒಂದೊಂದಾಗಿ ಬಿದ್ದ ಹಾಗೆ. ನಂತರ ಕಲ್ಲು ತಿರುಗತೊಡಗಿತು. ನೀರಿನ ಕೊಡ ಹೊತ್ತು ರಸ್ತೆಯಲ್ಲಿ ಹೋಗುತ್ತಿದ್ದ ಹೆಂಗಸರು ಕೊಡ ಇಳಿಸದೆ ಹಾಗೇ ನಿಂತರು. ನಿಮ್ಮವ್ವನ ತುಟಿ ಅಲುಗಾಡುತ್ತಿತ್ತು. ಅವಳ ಬಲಗೈ ಗಾಳಿಯಲ್ಲಿ ಇಲ್ಲದ ಗೂಟ ಹಿಡಿದು ಸುತ್ತುತ್ತಿತ್ತು.

ಮುಗಿದಾಗ ತೀರ್ಪುಗಾರರಲ್ಲಿ ಹಿರಿಯರೊಬ್ಬರು, "ಇನ್ನೊಮ್ಮಿ ನುಡಸವ್ವ. ತೀರ್ಪಿಗಲ್ಲ, ನನಗ" ಅಂದರು. ಮೊದಲ ಚಪ್ಪಾಳೆ ಹೊಡೆದವರು ಬಾಗೇವಾಡಿಯ ಹುಡುಗರೇ. ಲಗ್ನ ಯಾರದೆಂದು ಕೇಳಿದವನು ಬಂದು, "ಅಕ್ಕಾರ, ಗಿಟಾರ್ ಒಂದೀಟು ಹಿಡಕೊಳ್ಳೇನ್ರಿ?" ಅಂದ. ಮೊದಲ ಬಹುಮಾನ ನಿನ್ನ ತಂಗಿಗೆ. ದೇವಣಗಾಂವದಲ್ಲಿ ಬಸ್ಸಿನಿಂದ ಇಳಿಯುವಾಗ ಡೊಳ್ಳು ಬಾರಿಸುತ್ತ ಅರ್ಧ ಊರು ಬಂದಿತ್ತು. ಸಂತೆಯಲ್ಲಿ ಮಾತು ಮುರಿದದ್ದಕ್ಕೆ ಯಾರಾದರೂ ಆಡಿಕೊಂಡರೇ ಅಂತ ಕೇಳುತ್ತೀಯಾ? ಆಡಿಕೊಂಡರು. ನಾನೂ ಅವರ ಜೊತೆ ನಕ್ಕೆ.

ಸರ್‌ಗೆ ಪತ್ರ ಹಾಕಿದ್ದೇವೆ. ಸೀಟು ಕೇಳಲು ಜೂನ್‌ನಲ್ಲಿ ಧಾರವಾಡಕ್ಕೆ ಹೋಗಬೇಕು. ಮಗುವಿಗೆ ನನ್ನ ಮುದ್ದು. ಅಳಿಯಂದಿರಿಗೆ, ಬೀಗರಿಗೆ ಶರಣು ಹೇಳು. ನಿನ್ನ ಮನೆ ತುಂಬಿರಲಿ, ನಿನ್ನ ಬಾಯಲ್ಲಿ ನಗು ಇರಲಿ.

ನಿನ್ನ ಅಪ್ಪ
ಅಮೋಘಸಿದ್ಧ

ತಾ.ಕ.: ಪತ್ರ ಅಂಟಿಸುವ ಮೊದಲು ಮನೆಯಲ್ಲಿ ಎಲ್ಲರಿಗೂ ಓದಿ ಹೇಳುವ ನನ್ನ ರೂಢಿ ನಿನಗೆ ಗೊತ್ತು. ಭಾನುವಾರ ಸಂಜೆ ನಿಮ್ಮವ್ವ, ವಿದ್ಯಾ, ದಾವಲಮಲಿಕ ಕೂತು ಕೇಳಿದರು, ಬಿದ್ದು ಬಿದ್ದು ನಕ್ಕರು. ನಗು ಮುಗಿದ ಮೇಲೆ ನಿಮ್ಮವ್ವ, "ಊರೆಲ್ಲಾ ಬರದ್ರಿ. ಬಾಗಲದಾಗ ನಿಂತಾಕಿದು ಬರೀಲಿಲ್ಲ" ಅಂದಳು.

ಆದ್ದರಿಂದ ಬರೆಯುತ್ತೇನೆ. ಅಂಗಡಿಯ ಬಾಗಿಲಲ್ಲಿ ವಿದ್ಯಾ ನಿಂತದ್ದು ನಿನ್ನ ಹಾಗೆ. ಏಳು ವರ್ಷದ ಕೆಳಗೆ ನೀನು ಪಿಯುಸಿ ಪಾಸಾಗಿ, ಟೀಚರ್ ತರಬೇತಿಯ ಅರ್ಜಿ ಹಿಡಿದು, ನಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. "ಅಪ್ಪಾ, ಎರಡ ವರ್ಷ ತಡೀರಿ" ಅಂದಿದ್ದೆ. ಆಲಮೇಲದ ದನದ ಸಂತೆಯಲ್ಲಿ ನಿನ್ನ ಮಾವನವರ ಕೈ ಹಿಡಿದು ನಾನು ಮದುವೆಯ ಮಾತು ಮುಗಿಸಿ ಬಂದಿದ್ದೆ. "ಮಾತು ಕೊಟ್ಟೇನಿ" ಅಂದೆ. ನೀನು ಮತ್ತೆ ಕೇಳಲಿಲ್ಲ. ಬೀಗರು ಒಳ್ಳೆಯವರು, ಅಳಿಯ ಚಿನ್ನ. ಅದು ಬೇರೆ ಮಾತು. ಸೇಟಜಿ ನಕ್ಕು ತಬ್ಬಿಕೊಂಡನಲ್ಲ, ನಿನ್ನ ಮಾವನವರೂ ಹಾಗೆಯೇ ನಕ್ಕು ಎರಡು ವರ್ಷ ಕೊಡುತ್ತಿದ್ದರೇನೋ. ನಾನು ಕೇಳಲೇ ಇಲ್ಲ ಮಗಳೇ.

ಇದನ್ನೂ ಅವರಿಗೆ ಓದಿದೆ. ಒಬ್ಬೊಬ್ಬರಾಗಿ ಎದ್ದು ಹೋದರು.

ಇವತ್ತು ಸೋಮವಾರ. ಬೆಳಿಗ್ಗೆ ಮೊದಲ ಬಸ್ಸಿಗೆ ವಿದ್ಯಾ ಸಿಂದಗಿಗೆ ಹೋಗಿ, ಮನೆಯಲ್ಲೇ ಕೂತು ಓದುವ ಬಿ.ಎ. ಅರ್ಜಿ ತಂದಳು. ಹೆಸರಿನ ಜಾಗ ಖಾಲಿ ಇದೆ. ತುಂಬುವುದು ಬಿಡುವುದು ನಿನ್ನ ಇಷ್ಟ, ಯಾರಿಗೂ ಮಾತು ಕೊಟ್ಟಿಲ್ಲ. ಬಾಗೇವಾಡಿಯ ಕಡೆ ಮದುವೆಗೆ ಹೊರಟ ದಾವಲಮಲಿಕ ಗಾಡಿಗೆ ಮೈಕು ಏರಿಸಿ, ಇದನ್ನೆಲ್ಲ ನಿಮ್ಮ ಮಸೂತಿಗೆ ತಾನೇ ಮುಟ್ಟಿಸುತ್ತೇನೆಂದು ಬಾಗಿಲಲ್ಲಿ ನಿಂತಿದ್ದಾನೆ. ನಿಮ್ಮವ್ವ ಟ್ರಂಕಿನ ತಳದಿಂದ ನಿನ್ನ ಪಿಯುಸಿ ಅಂಕಪಟ್ಟಿ ತೆಗೆದು, ಸೆರಗಿನಿಂದ ಒರೆಸಿದಳು. ಆಮೇಲೆ ನನ್ನನ್ನು ಕೇಳದೆ, ಗೂಟದ ಮೇಲಿದ್ದ ನನ್ನ ಟವೆಲ್ ಎಳೆದು, ಅರ್ಜಿ, ಅಂಕಪಟ್ಟಿ ಎರಡನ್ನೂ ಅದರಲ್ಲಿ ಗಂಟು ಕಟ್ಟಿದಳು.