ಮೂವತ್ತೈದರ ಲೆನ್ಸು, ಅಮ್ಮನ ಎಡಗೆನ್ನೆ

ಮೂರನೇ ಮಹಡಿ, ಕಿಟಕಿ ಪಕ್ಕದ ಮೇಜು
ಮಾರ್ಚ್ ೧೪, ಭಾನುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಎಂಜಿನ್ ಕೋಣೆಯ ಬಿಸಿಗೆ ಕತ್ತಿನ ಮೇಲೆ ಎದ್ದಿದ್ದ ಬೆವರುಸಾಲೆ ವಾಸಿಯಾಯಿತೇ? ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೀಯೋ, ಇಲ್ಲಾ ಹಡಗಿನ ಅಡುಗೆಯವನ ಜೊತೆ ಇನ್ನೂ ಠೂ ಬಿಟ್ಟಿದ್ದೀಯೋ? ನಾನು ಚೆನ್ನಾಗಿದ್ದೇನೆ. ಬೈಂಡಿಂಗ್ ಕೆಲಸದಲ್ಲಿ ಈಗ ಉಸಿರಾಡಲೂ ಬಿಡುವಿಲ್ಲ. ಬೆರಳಿನ ಅಂಟು ತಲೆಗೂದಲಿಗೂ ಹತ್ತಿದೆ. ಅಮ್ಮನೂ ಈಗ ಚೆನ್ನಾಗಿದ್ದಾಳೆ. ಪಕ್ಕದ ಕೋಣೆಯಲ್ಲಿ ಕುಳಿತು ಯಾವುದೋ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಾಳೆ, ಮಿಷನ್ನಿನ ಸದ್ದು ಕೇಳಿಸುತ್ತಿದೆ. ‘ಈಗ’ ಅಂತ ಯಾಕೆ ಬರೆದೆ ಅಂತ ಹೇಳಿಬಿಡುತ್ತೇನೆ. ಗಾಬರಿಯಾಗಬೇಡ, ಪೂರ್ತಿ ಓದು.

ಅಮ್ಮನದೊಂದು ಫೋಟೋ ಕಳಿಸು, ಮಲಗುವ ಜಾಗದಲ್ಲಿ ತಲೆದೆಸೆಗೆ ಅಂಟಿಸಿಕೊಳ್ಳುತ್ತೇನೆ ಎಂದು ನೀನು ಬರೆದು ನಾಲ್ಕು ತಿಂಗಳಾಯಿತು. ಫೋನಿನ ಕ್ಯಾಮೆರಾ ಕೆಟ್ಟಿದೆ ಎಂದು ನಾನು ಹೇಳಿದ್ದು ಸುಳ್ಳು. ಅಕ್ಟೋಬರಿನಲ್ಲಿ ಒಂದು ಬೆಳಗ್ಗೆ ಅಮ್ಮ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ಸೋರಿತು. ಕನ್ನಡಿ ನೋಡಿದರೆ ಬಾಯಿ ಸೊಟ್ಟಗಾಗಿತ್ತು, ಎಡಗಣ್ಣು ಮುಚ್ಚುತ್ತಿರಲಿಲ್ಲ. ತಕ್ಷಣ ಆಟೋ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಪರೀಕ್ಷೆ ಮಾಡಿ, ಲಕ್ವ ಅಲ್ಲ, ಮುಖದ ನರ ಒಂದು ಊದಿಕೊಂಡಿದೆ, ನಿಧಾನವಾಗಿ ಸರಿಹೋಗುತ್ತದೆ ಎಂದರು. ಮಾತ್ರೆ, ಕಣ್ಣಿಗೆ ಹನಿ, ಕೆನ್ನೆಗೆ ವ್ಯಾಯಾಮ. ಅಮ್ಮ ನನ್ನಿಂದ ಆಣೆ ಹಾಕಿಸಿಕೊಂಡಳು: “ಅವನಿಗೆ ಹೇಳಿದ್ರೆ ನಡುನೀರಲ್ಲಿ ಇಳಿದು ಬರೋಕಾಗುತ್ತಾ? ಸುಮ್ನೆ ಕೊರಗ್ತಾನೆ.” ಆಮೇಲೆ ಅವಳು ಮೆಟ್ಟಿಲು ಇಳಿಯುವುದನ್ನೇ ಬಿಟ್ಟಳು. ಗಿರಾಕಿಗಳು ಬಂದರೂ ಸೆರಗು ಬಾಯಿಗೆ ಅಡ್ಡ ಹಿಡಿದೇ ಅಳತೆ ತೆಗೆದುಕೊಳ್ಳುತ್ತಿದ್ದಳು.

ಜನವರಿಯ ಹೊತ್ತಿಗೆ ಬಾಯಿ ಮುಕ್ಕಾಲು ನೆಟ್ಟಗಾಯಿತು. ನೀನು ಬಿಟ್ಟುಹೋದ ಕ್ಯಾಮೆರಾ ಹೊರತೆಗೆದೆ. ಆದರೆ ನಮ್ಮ ಮನೆಯ ಬೆಳಕು ನಿನಗೆ ಗೊತ್ತಲ್ಲ, ಎದುರಿನ ಕಟ್ಟಡ ಎಲ್ಲವನ್ನೂ ನುಂಗುತ್ತದೆ. ಅದರ ಜೊತೆ ಬಂದ ಜೂಮ್ ಲೆನ್ಸಿನಲ್ಲಿ ಅಮ್ಮ ಹೊಗೆಯ ಹಾಗೆ ಕಂಡಳು. ಫ್ಲ್ಯಾಷ್ ಹಾಕಿದೆ. ಪೂರ್ತಿ ಮುಚ್ಚದ ಆ ಕಣ್ಣಿಗೆ ಬೆಳಕು ಚುಚ್ಚಿ ನೀರು ಬಂತು. “ನನ್ನ ಸೊಟ್ಟ ಮುಖಕ್ಕೆ ದೀಪ ಬೇರೆ ಹಚ್ಚಬೇಕಾ?” ಎಂದು ಎದ್ದುಹೋದವಳು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ನಾನು ಕೆಲಸ ಮಾಡುವ ಪ್ರೆಸ್ಸಿನ ಹಿಂದಿನ ಬೀದಿಯಲ್ಲಿ ಒಬ್ಬರು ಕ್ಯಾಮೆರಾ ರಿಪೇರಿಯವರಿದ್ದಾರೆ. ಗಂಟೆಗೊಂದು ಮಾತಾಡುವುದರಿಂದ ಎಲ್ಲರೂ ಅವರನ್ನು ಮೌನಿ ಮಾಮ ಅನ್ನುತ್ತಾರೆ. ಜೂಮ್ ಇಲ್ಲದ ಪ್ರೈಮ್ ಲೆನ್ಸು ಬೇಕು, ಕೈಗೆಟುಕುವಂಥದ್ದು ಎಂದೆ. ಬೆಲೆ ಎಷ್ಟರೊಳಗೆ ಅಂತ ಕೇಳುತ್ತಾರೆ ಅಂದುಕೊಂಡರೆ, ಅವರು ಕೇಳಿದ್ದು “ಮನೆ ಎಷ್ಟು ಅಗಲ ಇದೆಯಮ್ಮಾ?” ನಾನು ಗೂಗಲ್ ಪಂಡಿತೆ, ಮುಖದ ಫೋಟೋಗೆ ಐವತ್ತು ಎಂಎಂ ಲೆನ್ಸೇ ಒಳ್ಳೆಯದಂತೆ ಎಂದು ವಾದ ಮಾಡಿದೆ. ಅವರು ತರ್ಕಕ್ಕೆ ಇಳಿಯಲಿಲ್ಲ. “ಇರೋ ಜೂಮನ್ನೇ ಒಂದು ವಾರ ಐವತ್ತರಲ್ಲಿ ಇಟ್ಕೊ, ಇನ್ನೊಂದು ವಾರ ಮೂವತ್ತೈದರಲ್ಲಿ. ತಿರುಗಿಸಬೇಡ. ಆಮೇಲೆ ಬಾ” ಎಂದರು. ಆ ದಿನದ ಕೋಟಾ ಮುಗಿಯಿತೇನೋ, ಆಮೇಲೆ ತಲೆ ಎತ್ತಲಿಲ್ಲ.

ಐವತ್ತರ ವಾರ ನಗೆಪಾಟಲು. ನಮ್ಮ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಚಿಕ್ಕದು, ಎಲ್ಲವನ್ನೂ ಇನ್ನಷ್ಟು ಹತ್ತಿರಕ್ಕೆ ಎಳೆಯುತ್ತದೆ. ಅಡುಗೆಮನೆಯಲ್ಲಿ ಬೆನ್ನನ್ನು ಫ್ರಿಜ್ಜಿಗೆ ಒತ್ತಿ ನಿಂತರೂ ಅಮ್ಮನ ಕಿವಿ ಮತ್ತು ಅರ್ಧ ಸೌಟು, ಅಷ್ಟೇ. ಮೂವತ್ತೈದರಲ್ಲಿ ಅಮ್ಮ, ಮಿಷನ್ನು, ಅವಳ ಕಾಲಬುಡದ ಚಿಂದಿಬಟ್ಟೆಯ ರಾಶಿ, ಎಲ್ಲ ಒಂದೇ ಚೌಕಟ್ಟಿನಲ್ಲಿ ಕೂತವು. ಕೊನೆಗೆ ಮೌನಿ ಮಾಮನ ಹತ್ತಿರವೇ ಯಾರೋ ಬಳಸಿ ಕೊಟ್ಟಿದ್ದ ಮೂವತ್ತೈದು ಸಿಕ್ಕಿತು. ಗಾಜನ್ನು ಟಾರ್ಚಿಗೆ ಹಿಡಿದು, ಒಳಗೆ ಬೂಷ್ಟು ಇಲ್ಲವೆಂದು ನನ್ನ ಕಣ್ಣಿಗೇ ತೋರಿಸಿ, ಹೊಸದರ ಅರ್ಧ ಬೆಲೆಗೆ ಕೊಟ್ಟರು. ಈ ಲೆನ್ಸಿನ ಬಾಯಿ ದೊಡ್ಡದಾಗಿ ತೆರೆಯುತ್ತದೆ, ಇದ್ದಷ್ಟು ಬೆಳಕನ್ನೆಲ್ಲ ಕುಡಿಯುತ್ತದೆ.

ಇದರಲ್ಲಿ ಒಂದು ಕಷ್ಟ. ದೂರ ನಿಂತು ಲೆನ್ಸು ತಿರುಗಿಸಿ ಹತ್ತಿರ ಮಾಡಿಕೊಳ್ಳುವಂತಿಲ್ಲ, ಕಾಲೆತ್ತಿ ಹೋಗಬೇಕು. ಹಾಗಾಗಿ ಅಮ್ಮನ ಪಕ್ಕದಲ್ಲೇ ಮಣೆ ಹಾಕಿಕೊಂಡು ಕುಳಿತೆ. ಗುಂಡಿ ಹೊಲಿದೆ, ದಾರ ಪೋಣಿಸಿದೆ, ನಡುನಡುವೆ ಒಂದೊಂದು ತೆಗೆದೆ. ಮೊದಮೊದಲು ಬಲಗಡೆ ಮಾತ್ರ ತೋರಿಸುತ್ತಿದ್ದಳು. ಹತ್ತನೇ ದಿನವೋ ಏನೋ, ನೀನು ಚಿಕ್ಕವನಿದ್ದಾಗ ಅಪ್ಪನ ಪ್ಯಾಂಟಿನ ಎರಡು ಕಾಲನ್ನೂ ಸೇರಿಸಿ ಹೊಲಿದುಬಿಟ್ಟಿದ್ದನ್ನು ಹೇಳುತ್ತಾ ಹೇಳುತ್ತಾ ನಗು ತಡೆಯಲಾಗದೆ ನನ್ನ ಕಡೆ ಪೂರ್ತಿ ತಿರುಗಿದಳು. ಕ್ಲಿಕ್ಕಿಸಿದೆ. ಕಿಟಕಿಯ ಬೆಳಕಷ್ಟೇ. ಎಡಗೆನ್ನೆ ನಗುವಿನ ಹಿಂದೆ ಸ್ವಲ್ಪ ತಡವಾಗಿ ಬರುತ್ತಿದೆ, ಆದರೆ ಬರುತ್ತಿದೆ.

ಹೆದರುತ್ತಲೇ ತೋರಿಸಿದೆ. ಅಮ್ಮ ಬಹಳ ಹೊತ್ತು ನೋಡಿದಳು. “ಇದು ನಾನೇ ಕಣೇ” ಎಂದಳು. ಆಮೇಲೆ, “ಅವನಿಗೆ ಇದನ್ನೇ ಕಳಿಸು. ಎಲ್ಲಾ ಬರಿ. ಇನ್ನು ಮುಚ್ಚಿಡೋದು ಬೇಡ.” ಆ ಸಂಜೆ ನನ್ನ ಕೈ ಹಿಡಿದು ಮೂರೂ ಮಹಡಿ ಇಳಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೀದಿ ತುದಿಯ ದಾರದ ಅಂಗಡಿಗೆ ಹೋಗಿ ಚೌಕಾಸಿ ಮಾಡಿ ಬಂದಳು. ಅಂಗಡಿಯವನು ಸೋತ. ಅದರ ಫೋಟೋವನ್ನೂ ಇಟ್ಟಿದ್ದೇನೆ, ಅವನ ಮುಖ ನೋಡು.

ಸುಳ್ಳು ಹೇಳಿದ್ದಕ್ಕೆ ಬೈಯುವುದಿದ್ದರೆ ನನ್ನನ್ನು ಬೈ, ಅಮ್ಮನನ್ನಲ್ಲ. ಅಮ್ಮ ನಿನಗೆ ತುಂಬು ಮನಸ್ಸಿನ ಆಶೀರ್ವಾದ ಹೇಳಿದ್ದಾಳೆ, ಜೊತೆಗೆ ಕಿವಿಗೆ ಹತ್ತಿ ಇಟ್ಟುಕೊಂಡೇ ಎಂಜಿನ್ ಕೋಣೆಗೆ ಇಳಿಯಬೇಕಂತೆ.

ನಿನ್ನ ತಲೆಹರಟೆ ತಂಗಿ,
ಪುಟ್ಟಿ

ಇನ್ನೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಅಮ್ಮ ಬಂದು ಇದನ್ನು ಸೇರಿಸು ಎಂದಳು. ನಿನ್ನ ಕಂಪನಿಯ ಆಫೀಸಿಗೆ ತಾನೇ ಫೋನ್ ಮಾಡಿ ವಿಚಾರಿಸಿದ್ದಾಳೆ. ಮೇ ತಿಂಗಳಲ್ಲಿ ನಿಮ್ಮ ಹಡಗು ದುರಸ್ತಿಗೆ ಐದು ದಿನ ನಿಲ್ಲುವ ಬಂದರು ಇಲ್ಲಿಂದ ಒಂದೂವರೆ ದಿನದ ರೈಲು ದಾರಿಯಂತೆ. ಟಿಕೆಟ್ ಆಗಿದೆ, ನಮ್ಮಿಬ್ಬರದ್ದೂ. ಗಡ್ಡ ತೆಗೆದು ನಿಂತಿರಬೇಕಂತೆ.